ಯುದ್ಧ ಮುಗಿಯಲು ಎರಡು ನಿಮಿಷ ಇತ್ತು. ಜಾರ್ಜ್ ಪ್ರೈಸ್ ಆ ಮನೆಯಿಂದ ಯಾಕೆ ಹೊರಗೆ ಬಂದ?

ಹ್ಯಾಲಿಫ್ಯಾಕ್ಸ್_ಹುಡುಗಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೆನಡಾದಲ್ಲಿ ನವೆಂಬರ್ ಬಂತು ಅಂದರೆ ಎಲ್ಲರ ಕೋಟಿನ ಮೇಲೂ ಒಂದು ಕೆಂಪು ಪಾಪ್ಪಿ ಹೂವು. ನಮ್ಮ ಗಸಗಸೆ ಗಿಡದ ದಾಯಾದಿ. 11ನೇ ತಾರೀಕು ಬೆಳಗ್ಗೆ 11ಕ್ಕೆ, ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ, ಎರಡು ನಿಮಿಷ ಮೌನ. ನಾಲ್ಕು ವರ್ಷದಿಂದ ನಾನೂ ಹೋಗಿ ನಿಲ್ಲುತ್ತಿದ್ದೇನೆ. ಯಾರಿಗಾಗಿ ಅಂತ ಕೇಳಿದ್ದರೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಈ ಸಲ ಒಬ್ಬ ಸಿಕ್ಕಿದ್ದಾನೆ.

ನಮ್ಮೂರಿಂದ ಸುಮಾರು ಒಂದು ಗಂಟೆ ದಾರಿ, ಪೋರ್ಟ್ ವಿಲಿಯಮ್ಸ್ ಅಂತ ಹಳ್ಳಿ. ಸೇಬಿನ ತೋಟಗಳ ಸೀಮೆ. ಜಾರ್ಜ್ ಲಾರೆನ್ಸ್ ಪ್ರೈಸ್ ಬೆಳೆದದ್ದು ಅಲ್ಲಿ. ಹುಟ್ಟಿದ್ದು ಅಲ್ಲೇ ಹತ್ತಿರದ ಫಾಲ್ಮೌತ್‌ನಲ್ಲಿ, 1892ರ ಡಿಸೆಂಬರ್ 15ರಂದು. ಅಪ್ಪ ಜೇಮ್ಸ್, ಅಮ್ಮ ಆ್ಯನಿ. ಆ ಕಾಲದಲ್ಲಿ ಈ ಕಡೆಯ ಹುಡುಗರು ಕೆಲಸ ಹುಡುಕಿಕೊಂಡು ಪಶ್ಚಿಮದ ಗೋಧಿ ಬಯಲಿಗೆ ರೈಲು ಹತ್ತುತ್ತಿದ್ದರು. ಜಾರ್ಜ್ ಕೂಡ ಪಶ್ಚಿಮಕ್ಕೆ ಹೋಗಿ ಸಸ್ಕ್ಯಾಚವನ್ ಪ್ರಾಂತ್ಯದ ಮೂಸ್ ಜಾ ಊರಲ್ಲಿ ನೆಲೆ ನಿಂತ.

ಮೊದಲ ಮಹಾಯುದ್ಧ ಶುರುವಾಗಿ ಮೂರು ವರ್ಷ ಆಗಿತ್ತು. ತಾವಾಗಿ ಬರುವವರು ಕಡಿಮೆಯಾದರು. 1917ರಲ್ಲಿ ಸರ್ಕಾರ ಕಡ್ಡಾಯ ಸೇನಾ ಕಾಯ್ದೆ ತಂದಿತು. ಅದೇ ಅಕ್ಟೋಬರ್‌ನಲ್ಲಿ ಜಾರ್ಜ್‌ನ ಹೆಸರೂ ಸೇನೆಯ ಪುಸ್ತಕ ಸೇರಿತು. ಸಾಮಾನ್ಯ ಸಿಪಾಯಿ. 28ನೇ ಬೆಟಾಲಿಯನ್, ನಂಬರ್ 256265.

1918ರ ನವೆಂಬರ್ 11. ಬೆಲ್ಜಿಯಂನ ಮಾನ್ಸ್ ಊರಿನ ಹತ್ತಿರ, ವಿಲ್-ಸುರ್-ಏನ್ ಅನ್ನುವ ಹಳ್ಳಿ. ಕಾಲುವೆ ದಾಟಿ ಕೆಲವೇ ಜನರ ಒಂದು ಗಸ್ತು ತಂಡ ಮನೆಗಳೊಳಗೆ ಹುಡುಕುತ್ತಿತ್ತು. ಜಾರ್ಜ್ ಒಂದು ಮನೆಯಿಂದ ಬೀದಿಗೆ ಕಾಲಿಟ್ಟ. ಎದೆಗೆ ಗುಂಡು ಬಿತ್ತು. ಬೀದಿ ದಾಟಿ ಓಡಿ ಬಂದ ಬೆಲ್ಜಿಯಂನ ಒಬ್ಬ ನರ್ಸ್ ಹುಡುಗಿ ಕೈಲಾದದ್ದು ಮಾಡಿದಳು. ಉಳಿಯಲಿಲ್ಲ. ಸಮಯ 10 ಗಂಟೆ 58 ನಿಮಿಷ. 11ಕ್ಕೆ ಕದನ ವಿರಾಮ.

ವಯಸ್ಸು 25. ಇನ್ನು ಒಂದು ತಿಂಗಳಿಗೆ 26 ತುಂಬುತ್ತಿತ್ತು.

ಇದನ್ನು ಓದಿದಾಗಿನಿಂದ ಒಂದೇ ಪ್ರಶ್ನೆ ಕೊರೆಯುತ್ತಿದೆ. ಅವನು ಯಾಕೆ ಹೊರಗೆ ಬಂದ?

ತರ್ಲೆ_77

ಬೇಜಾರು ಮಾಡಿಕೊಳ್ಳಬೇಡಿ ಅಕ್ಕ, ನೇರವಾಗಿ ಹೇಳುತ್ತೇನೆ. ಇದು ದಡ್ಡತನ. ಒಳಗೆ ಎರಡು ನಿಮಿಷ ಕೂತಿದ್ದರೆ ಮನೆಗೆ ಹೋಗಿ ಸೇಬು ತಿನ್ನಬಹುದಿತ್ತು. ನಾವು ಸತ್ತವರನ್ನೆಲ್ಲ ವೀರರು ಮಾಡುತ್ತೇವೆ, ಅದೇ ಸಮಸ್ಯೆ.

ದಾವಣಗೆರೆ_ಬೆಣ್ಣೆ

ಅಯ್ಯೋ, 10:58. ಗಡಿಯಾರ ಅವತ್ತು ಎರಡೇ ನಿಮಿಷ ಮುಂದೆ ಓಡಿದ್ದರೆ!

ಅಂದ ಹಾಗೆ, ಮೊದಲ ಮಹಾಯುದ್ಧದಲ್ಲಿ ಸತ್ತ ಕಟ್ಟಕಡೆಯ ಸೈನಿಕ ಇವನೇನಾ?

ಹ್ಯಾಲಿಫ್ಯಾಕ್ಸ್_ಹುಡುಗಿ

ಅಲ್ಲ. ಕೆನಡಾದ ಕೊನೆಯವನು. ಬ್ರಿಟಿಷ್ ಸಾಮ್ರಾಜ್ಯದ ಸೇನೆಗಳನ್ನೆಲ್ಲ ಸೇರಿಸಿದರೂ ಇವನನ್ನೇ ಕೊನೆಯವನು ಅನ್ನುತ್ತಾರೆ. ಆದರೆ ಅಮೆರಿಕದ ಹೆನ್ರಿ ಗುಂಥರ್ ಸತ್ತದ್ದು 10:59ಕ್ಕೆ. ಇವನಿಗಿಂತ ಒಂದು ನಿಮಿಷ ಆಚೆ.

ಮೈಸೂರ್_ಮೇಷ್ಟ್ರು

ಒಳ್ಳೆ ವಿಷಯ ತೆಗೆದಿದ್ದೀಯಮ್ಮ. ತರ್ಲೆಯವರೇ, ಸ್ವಲ್ಪ ತಡೆಯಿರಿ. ದಡ್ಡತನ ಯಾರದ್ದು ಅಂತ ಮೊದಲು ನೋಡೋಣ.

ನವೆಂಬರ್ 8ರಂದೇ ಜರ್ಮನಿಯ ಪ್ರತಿನಿಧಿಗಳು ಫ್ರಾನ್ಸಿನ ಕಾಂಪಿಯೇನ್ ಕಾಡಿಗೆ, ಮಿತ್ರ ಸೇನೆಗಳ ದಂಡನಾಯಕ ಮಾರ್ಷಲ್ ಫಾಷ್ ಅವರ ರೈಲು ಬೋಗಿಗೆ ಬಂದಿದ್ದರು. ಮಾತುಕತೆ ನಡೆಯುವವರೆಗಾದರೂ ಗುಂಡು ನಿಲ್ಲಿಸಿ ಅಂತ ಕೇಳಿಕೊಂಡರು. ಫಾಷ್ ಒಪ್ಪಲಿಲ್ಲ. ಸಹಿ ಬಿದ್ದದ್ದು 11ರ ಬೆಳಗಿನ ಜಾವ 5 ದಾಟಿದ ಮೇಲೆ. ಜಾರಿಗೆ ಬಂದದ್ದು 11 ಗಂಟೆಗೆ. ನಡುವೆ ಸುಮಾರು ಆರು ಗಂಟೆ. ಅಷ್ಟು ದೊಡ್ಡ ರಣರಂಗದ ಮೂಲೆಮೂಲೆಗೂ ಸುದ್ದಿ ಮುಟ್ಟಬೇಕಲ್ಲ, ಅದಕ್ಕೆ ಅಷ್ಟು ಹೊತ್ತು ಬೇಕು ಅನ್ನುವುದು ಒಂದು ಕಾರಣ. ಆದರೆ ಆ ಆರು ಗಂಟೆಯಲ್ಲಿ ಮುಂದೆ ಹೋಗಬೇಡಿ ಅಂತ ಒಂದೇ ಮಾತಿನ ಆದೇಶ ಎಲ್ಲರಿಗೂ ಹೋಗಲಿಲ್ಲ. ಒಂದು ಕಡೆ ಸೈನಿಕರನ್ನು ತಡೆದು ನಿಲ್ಲಿಸಿದರು, ಇನ್ನೊಂದು ಕಡೆ ನದಿ ದಾಟಿಸಿದರು. ಅವತ್ತು ಒಂದೇ ದಿನ, ಎರಡೂ ಪಕ್ಷ ಸೇರಿ, 2,700ಕ್ಕೂ ಹೆಚ್ಚು ಜನ ಸತ್ತರು ಅನ್ನುವುದು ಸಾಮಾನ್ಯವಾಗಿ ಕೊಡುವ ಲೆಕ್ಕ.

ಅಲ್ಲಿ ಕಾದಾಡುತ್ತಿದ್ದ ಕೆನಡಾ ಸೈನ್ಯದ, ಅಂದರೆ ಕೆನಡಾ ಕೋರ್‌ನ ಕಚೇರಿಗೆ ಸುದ್ದಿ ಬಂದದ್ದು ಆರೂವರೆ ಹೊತ್ತಿಗೆ. ಅಲ್ಲಿಂದ ಡಿವಿಜನ್, ಬ್ರಿಗೇಡ್, ಬೆಟಾಲಿಯನ್, ಕಂಪನಿ ಅಂತ ಮೆಟ್ಟಿಲು ಇಳಿಯಬೇಕು. ಜಾರ್ಜ್ ಇದ್ದದ್ದು ಕಟ್ಟಕಡೆಯ ಮೆಟ್ಟಿಲಲ್ಲಿ.

ಫ್ರೆಂಚರ ಕೊನೆಯವನ ಕಥೆ ಇನ್ನೂ ಕಹಿ. ಆಗುಸ್ತಾಂ ತ್ರೆಬುಷೋನ್. ಊರಲ್ಲಿ ಕುರಿ ಕಾಯುತ್ತಿದ್ದವನು. 11ರ ಬೆಳಗ್ಗೆ ಮ್ಯೂಸ್ ನದಿಯ ದಂಡೆಯಲ್ಲಿ ಸತ್ತ. ಗೋರಿಯ ಮೇಲೆ ಬರೆದಿರುವುದು ನವೆಂಬರ್ 10. ಕೊನೆಯ ದಿನ ಸತ್ತ ಅಂತ ಮನೆಯವರಿಗೆ ಹೇಳಲು ಸರ್ಕಾರಕ್ಕೆ ಮುಖ ಇರಲಿಲ್ಲ ಅಂತ ಕಾಣುತ್ತದೆ.

ತರ್ಲೆ_77

ತಾರೀಕನ್ನೇ ತಿದ್ದಿದರಾ? ಇದು ಗೊತ್ತಿರಲಿಲ್ಲ ಮೇಷ್ಟ್ರೇ.

ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಮೇಲಿನವರು ಕೆಟ್ಟವರು, ಒಪ್ಪಿದೆ. ಬಾಗಿಲು ದಾಟಿದ ಕಾಲು ಇವನದ್ದೇ ಅಲ್ವಾ?

ಹ್ಯಾಲಿಫ್ಯಾಕ್ಸ್_ಹುಡುಗಿ

ಇಲ್ಲೇ ನೋಡಿ ಎರಡು ಕಥೆ ಇರುವುದು.

ಒಂದನೆಯದು ಹೀಗೆ. ಕಾಲುವೆ ದಾಟುವಾಗ ಇವರ ಮೇಲೆ ಮಷಿನ್ ಗನ್ ಹಾರಿತು. ಹಾರಿಸಿದವರನ್ನು ಹಿಡಿಯಲು ತಂಡ ಒಂದು ಮನೆಗೆ ನುಗ್ಗಿತು. ಇವರು ಮುಂಬಾಗಿಲಿಂದ ಒಳಗೆ, ಅವರು ಹಿಂಬಾಗಿಲಿಂದ ಹೊರಗೆ. ಪಕ್ಕದ ಮನೆ ನೋಡಿದರೆ ಅದೂ ಖಾಲಿ. ಹೊರಗೆ ಹೋಗಬೇಡ ಅಂತ ಮನೆಯವರೊಬ್ಬರು ಹೇಳಿದರೂ ಜಾರ್ಜ್ ಬೀದಿಗೆ ಇಳಿದ.

ಎರಡನೆಯದು ಅವನ ಜೊತೆಗಿದ್ದ ಆರ್ಥರ್ ಗುಡ್‌ಮರ್ಫಿ ಆಮೇಲೆ ಹೇಳಿದ್ದು. ಇವರೆಲ್ಲ ಕಾಲುವೆಯ ಈ ದಡದಲ್ಲಿದ್ದರು. ಆ ದಡದ ಮನೆಗಳ ಗೋಡೆಯಲ್ಲಿ ಅಲ್ಲಲ್ಲಿ ಇಟ್ಟಿಗೆ ಕಿತ್ತಿರುವುದು ಕಂಡಿತು. ಅಲ್ಲಿ ಮಷಿನ್ ಗನ್ ಇದ್ದರೆ ಇಲ್ಲಿರುವವರ ಗತಿ ಏನು ಅಂತ ಯೋಚನೆ ಬಂತು. ನೋಡಿಕೊಂಡು ಬರೋಣ ಅಂತ ದಾಟಿದರು.

ಮೊದಲನೆಯದರಲ್ಲಿ ಅವನು ಶತ್ರುವಿನ ಬೆನ್ನು ಹತ್ತಿದವನು. ಎರಡನೆಯದರಲ್ಲಿ ಜೊತೆಯವರ ಬಗ್ಗೆ ಹೆದರಿದವನು. ಬೀದಿ ಅದೇ, ಗುಂಡೂ ಅದೇ. ಮನುಷ್ಯ ಮಾತ್ರ ಬೇರೆಯಾಗುತ್ತಾನೆ.

ಕೊಡಗಿನ_ಮಳೆ

ನಾನು ಸಾಮಾನ್ಯವಾಗಿ ಇಲ್ಲಿ ಕಾಫಿ, ಕರಿಮೆಣಸು ಬಿಟ್ಟು ಬೇರೆ ಬರೆಯುವುದಿಲ್ಲ. ಇದಕ್ಕೆ ಬರೆಯಬೇಕು ಅನಿಸಿತು.

1971ರಲ್ಲಿ ನಾನು ಪಶ್ಚಿಮ ಗಡಿಯಲ್ಲಿದ್ದೆ. ಡಿಸೆಂಬರ್ 17ರ ರಾತ್ರಿ 8ಕ್ಕೆ ಕದನ ವಿರಾಮ ಅಂತ ಆಯಿತು. ನನಗೆ ಆಗ 22. ಸುದ್ದಿ ಬಂದಾಗ ಕುಣಿದೆವು ಅಂತ ಜನ ತಿಳಿದುಕೊಂಡಿದ್ದಾರೆ. ಸುಳ್ಳು. ಯಾರೂ ನಂಬಲಿಲ್ಲ. 8 ಗಂಟೆ ಅಂದರೆ ಯಾರ ಗಡಿಯಾರದ 8? ಅವರ ಕಡೆಗೂ ಆದೇಶ ಹೋಗಿದೆಯಾ? ಹೋಗಿದ್ದರೂ ಅವರು ಕೇಳುತ್ತಾರಾ? ಕೊನೆಯ ಗಂಟೆಯಲ್ಲಿ ಶೆಲ್ ಜಾಸ್ತಿಯೇ ಬಿದ್ದವು. ಉಳಿದ ಮದ್ದುಗುಂಡನ್ನು ಹೊತ್ತುಕೊಂಡು ವಾಪಸ್ ಹೋಗುವ ಬದಲು ಖಾಲಿ ಮಾಡುತ್ತಿದ್ದಾರೆ ಅಂತ ನಮ್ಮ ಹವಾಲ್ದಾರ್ ಹೇಳಿದರು. ಅದೇ ಗಡಿಯ ಬಸಂತರ್ ನದಿ ಕಡೆ ಮೇಜರ್ ಹೋಶಿಯಾರ್ ಸಿಂಗ್ ಅವರು ಗಾಯಗೊಂಡೂ ಕದನ ವಿರಾಮದವರೆಗೆ ಜಾಗ ಬಿಟ್ಟು ಕದಲಲಿಲ್ಲ. ಪರಮವೀರ ಚಕ್ರ ಬಂತು. ಕೊನೆಯ ಗಂಟೆ ಅಂದರೆ ವಿಶ್ರಾಂತಿಯ ಗಂಟೆ ಅಲ್ಲ.

ಈಗ ಆ ಇಟ್ಟಿಗೆ ವಿಷಯ. ಗೋಡೆಯಲ್ಲಿ ಇಟ್ಟಿಗೆ ಕಿತ್ತಿದ್ದಾರೆ ಅಂದರೆ ಅದು ಬಂದೂಕಿನ ಕಿಂಡಿ. ಅದನ್ನು ಕಂಡ ಯಾವ ಸಿಪಾಯಿಗೂ ಬೆನ್ನು ಹಾಕಿ ಕೂರಲು ಆಗುವುದಿಲ್ಲ. ಕಾಲುವೆ ದಂಡೆ ಬಯಲು. ಮರೆ ಇಲ್ಲ. 11 ಗಂಟೆಗೆ ಎಲ್ಲ ನಿಲ್ಲುತ್ತದೆ ಅಂತ ನಂಬಿ ನೀವು ಅಲ್ಲಿ ಕೂರುತ್ತೀರಾ, ತರ್ಲೆಯವರೇ? ನಾನು ಕೂರುತ್ತಿರಲಿಲ್ಲ. ನಾನೂ ದಾಟುತ್ತಿದ್ದೆ.

ಬಾಗಿಲಿನ ವಿಷಯ ಬೇರೆ. ಖಾಲಿ ಮನೆ ನೋಡಿದ ಮೇಲೆ ಮೈ ಸಡಿಲವಾಗುತ್ತದೆ. ಒಂದು ಕ್ಷಣ ಸಾಕು. ಅದು ದಡ್ಡತನ ಅಲ್ಲ, ಸುಸ್ತು.

ತರ್ಲೆ_77

ಸುಬೇದಾರ್ ಸಾರ್, ನಿಮ್ಮ ಮುಂದೆ ನಾನೇನು ಹೇಳಲಿ. ದಡ್ಡತನ ಅನ್ನುವ ಮಾತು ವಾಪಸ್ ತೆಗೆದುಕೊಂಡೆ.

ಕೊಡಗಿನ_ಮಳೆ

ನಾನು ಸುಬೇದಾರ್ ಅಲ್ಲ, ನಾಯಕ್ ಆಗಿ ನಿವೃತ್ತಿಯಾದೆ. ಬಡ್ತಿ ಕೊಟ್ಟದ್ದಕ್ಕೆ ಧನ್ಯವಾದ.

ಮೈಸೂರ್_ಮೇಷ್ಟ್ರು

ನಾಯಕ್ ಸಾಹೇಬರು ಹೇಳಿದ ಸುಸ್ತು ಮುಖ್ಯ. ಜಾರ್ಜ್‌ನ ಸೈನ್ಯ ಆಗಸ್ಟ್ 8ರಂದು ಫ್ರಾನ್ಸಿನ ಅಮಿಯೆನ್ಸ್‌ನಲ್ಲಿ ಶುರು ಮಾಡಿದ ದಾಳಿ ನಿಂತೇ ಇರಲಿಲ್ಲ. ಆರಾಸ್, ಕನಾಲ್ ದು ನಾರ್, ಕಾಂಬ್ರೇ, ವಾಲೆನ್ಸಿಯೆನ್ಸ್, ಕೊನೆಗೆ ಮಾನ್ಸ್. ಮೂರು ತಿಂಗಳಲ್ಲಿ ಸತ್ತವರು, ಗಾಯಗೊಂಡವರು ಸೇರಿ ಸುಮಾರು 45,000. ಆಗ ಕೆನಡಾದ ಒಟ್ಟು ಜನಸಂಖ್ಯೆ 80 ಲಕ್ಷದ ಆಸುಪಾಸು. ಇಡೀ ಯುದ್ಧದಲ್ಲಿ 60,000ಕ್ಕೂ ಹೆಚ್ಚು ಹುಡುಗರು ಹೋದರು.

ಇಷ್ಟು ಜನ ಸತ್ತ ಸಿಟ್ಟು ಯುದ್ಧ ಮುಗಿದ ಮೇಲೂ ಆರಲಿಲ್ಲ. ಕೆನಡಾ ಕೋರ್‌ನ ಸೇನಾಪತಿ ಸರ್ ಆರ್ಥರ್ ಕರ್ರಿ. ಕೊನೆಯ ದಿನ ಮಾನ್ಸ್ ಹಿಡಿಯುವ ಅಗತ್ಯ ಇರಲಿಲ್ಲ, ತನ್ನ ಹೆಸರಿಗಾಗಿ ಹುಡುಗರನ್ನು ಬಲಿ ಕೊಟ್ಟ ಅಂತ ಗುಸುಗುಸು. 1914ರಲ್ಲಿ ಬ್ರಿಟಿಷರು ಮೊದಲು ಕಾದಾಡಿ ಹಿಂದೆ ಸರಿದ ಊರು ಮಾನ್ಸ್. ಅದನ್ನೇ ಕೊನೆಯ ದಿನ ಗೆಲ್ಲುವುದು ಒಂದು ಮೆರವಣಿಗೆಯ ವಿಷಯ ಆಗಿತ್ತು ಅನ್ನುವುದು ಅಲ್ಲಗಳೆಯುವ ಮಾತಲ್ಲ. ಮಾಜಿ ಮಂತ್ರಿ ಸ್ಯಾಮ್ ಹ್ಯೂಸ್ 1919ರಲ್ಲಿ ಪಾರ್ಲಿಮೆಂಟಿನಲ್ಲೇ ಕರ್ರಿಯ ಮೇಲೆ ಹರಿಹಾಯ್ದರು. ಅದರ ಹಿಂದೆ ಮನೆಯ ಕೋಪವೂ ಇತ್ತು. ಹ್ಯೂಸ್ ಅವರ ಮಗನಿಗೆ ರಣರಂಗದಲ್ಲಿ ಡಿವಿಜನ್ ಕೊಡಲು ಕರ್ರಿ ಒಪ್ಪಿರಲಿಲ್ಲ!

1927ರಲ್ಲಿ ಪೋರ್ಟ್ ಹೋಪ್ ಊರಿನ ಸಣ್ಣ ಪತ್ರಿಕೆಯೊಂದು ಅದೇ ಆರೋಪ ಅಚ್ಚು ಹಾಕಿತು. ಕರ್ರಿ ಕೋರ್ಟಿಗೆ ಹೋದರು. 50,000 ಡಾಲರ್ ಕೇಳಿದರು. 1928ರ ಏಪ್ರಿಲ್‌ನಲ್ಲಿ ಕೋಬರ್ಗ್ ಊರಲ್ಲಿ ವಿಚಾರಣೆ. ಜನ ಕಿಕ್ಕಿರಿದಿದ್ದರು. ಕರ್ರಿ ಗೆದ್ದರು. ಕೈಗೆ ಬಂದದ್ದು 500 ಡಾಲರ್.

ದಾವಣಗೆರೆ_ಬೆಣ್ಣೆ

ಕರ್ರಿ ಅಂತ ಓದಿ ಊಟ ನೆನಪಾಯಿತು, ಕ್ಷಮಿಸಿ. ಆದರೆ 50,000 ಕೇಳಿ 500 ಸಿಕ್ಕಿದರೆ ಅದು ಗೆಲುವಾ ಮೇಷ್ಟ್ರೇ?

ಮೈಸೂರ್_ಮೇಷ್ಟ್ರು

ಕೋರ್ಟಿನ ಲೆಕ್ಕದಲ್ಲಿ ಗೆಲುವು. ಅವರ ಕೈಕೆಳಗೆ ಕಾದಾಡಿದವರಲ್ಲಿ ಎಷ್ಟೋ ಜನ ಅವರ ಪರ ಸಾಕ್ಷಿಗೆ ನಿಂತರು ಅನ್ನುವುದನ್ನೂ ಮರೆಯಬಾರದು. ನನ್ನ ಅಭಿಪ್ರಾಯ ಕೇಳಿದರೆ, ಕರ್ರಿ ಒಬ್ಬರ ತಲೆಗೆ ಕಟ್ಟುವುದು ಸುಲಭ. ಬೆನ್ನಟ್ಟುವುದನ್ನು ಬಿಡಬೇಡಿ ಅನ್ನುವ ಆದೇಶ ಅವರಿಗೂ ಮೇಲಿಂದಲೇ ಬಂದಿತ್ತು. ಆದರೆ ಆರೂವರೆಯಿಂದ ಹನ್ನೊಂದರವರೆಗೆ ಕೆಳಗೆ ಏನು ನಡೆಯುತ್ತಿದೆ ಅಂತ ನೋಡಬೇಕಾದವರು ನೋಡಿದರಾ? ಅಲ್ಲಿ ನನಗೆ ಸಮಾಧಾನ ಇಲ್ಲ.

ಕಿಚನರ್_ಕನ್ನಡಿಗ

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಕೆನಡಾದಲ್ಲೇ ಇರುವ ನಮ್ಮೂರು ಕಿಚನರ್‌ನ ಮೌಂಟ್ ಹೋಪ್ ಸ್ಮಶಾನದಲ್ಲಿ ಇನ್ನೊಬ್ಬ 25ರ ಹುಡುಗ ಮಲಗಿದ್ದಾನೆ. ಬುಕ್ಕಮ್ ಸಿಂಗ್. ಪಂಜಾಬಿನಿಂದ 1907ರಲ್ಲಿ, ಹದಿಹರೆಯದಲ್ಲೇ ಕೆನಡಾಕ್ಕೆ ಬಂದವನು. 1915ರಲ್ಲಿ ಸೇನೆ ಸೇರಿದ. 1916ರಲ್ಲಿ ಎರಡು ಸಲ ಗಾಯ. ಆಮೇಲೆ ಇಂಗ್ಲೆಂಡಿನಲ್ಲಿ ಕ್ಷಯ ಅಂಟಿತು. 1919ರ ಆಗಸ್ಟ್‌ನಲ್ಲಿ ಇಲ್ಲಿನ ಮಿಲಿಟರಿ ಆಸ್ಪತ್ರೆಯಲ್ಲಿ ತೀರಿಕೊಂಡ. ಊರಲ್ಲಿ ಮದುವೆಯಾಗಿತ್ತು. ಆಗಿನ ಕಾನೂನಿನಿಂದಾಗಿ ಹೆಂಡತಿಯನ್ನು ಕರೆಸಿಕೊಳ್ಳಲು ಆಗಲೇ ಇಲ್ಲ. ಅವನ ಪದಕ ಎಷ್ಟೋ ವರ್ಷದ ಮೇಲೆ ಇಂಗ್ಲೆಂಡಿನ ಒಂದು ಗಿರವಿ ಅಂಗಡಿಯಲ್ಲಿ ಸಿಕ್ಕಿತು. ಆಮೇಲೆಯೇ ಕಥೆ ಹೊರಗೆ ಬಂದದ್ದು. ಈಗ ಪ್ರತಿ ನವೆಂಬರ್‌ನಲ್ಲಿ ಸಿಖ್ಖರು ಅಲ್ಲಿ ಸೇರುತ್ತಾರೆ. ನಾನೂ ಹೋಗುತ್ತೇನೆ.

ಜಾರ್ಜ್‌ಗೆ 10:58 ಅಂತ ಒಂದು ಗುರುತು ಇತ್ತು, ನೂರು ವರ್ಷ ನೆನಪಿಟ್ಟರು. ಬುಕ್ಕಮ್‌ಗೆ ಅಂಥ ನಿಮಿಷ ಇರಲಿಲ್ಲ.

ದಾವಣಗೆರೆ_ಬೆಣ್ಣೆ

ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಈಗ ಇಸ್ರೇಲಿನಲ್ಲಿರುವ ಹೈಫಾ ಊರು ಗೆದ್ದದ್ದೂ ಅದೇ 1918, ಸೆಪ್ಟೆಂಬರ್ 23. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಅದರ ಮುಂದೆ ಎಷ್ಟು ಸಲ ಓಡಾಡಿದ್ದೇನೋ, ಒಂದು ದಿನ ನಿಂತು ಹೆಸರು ಓದಿಲ್ಲ. ಅದನ್ನು ಬೇರೆ ಎಳೆಯಲ್ಲಿ ಮಾತಾಡೋಣ.

ತರ್ಲೆ_77

ಕಿಚನರ್ ಅಣ್ಣ ಹೇಳಿದ್ದು ಸರಿ. ಬೆಳಗ್ಗೆ 8ಕ್ಕೆ ಸತ್ತವನೂ ಅಷ್ಟೇ ಸತ್ತವನು. ನಮಗೆ ಮಾತ್ರ 10:58 ಬೇಕು. ಕೊನೆಯ ಓವರಿನ ಕೊನೆಯ ಚೆಂಡಿನ ಹಾಗೆ.

ಅಕ್ಕ, ಅವನ ಮನೆಯವರಿಗೆ ಹೇಗೆ ಗೊತ್ತಾಯಿತು?

ಹ್ಯಾಲಿಫ್ಯಾಕ್ಸ್_ಹುಡುಗಿ

ನಾನು ಅದನ್ನೇ ಯೋಚಿಸುತ್ತಾ ಅವನು ಬೆಳೆದ ಪೋರ್ಟ್ ವಿಲಿಯಮ್ಸ್ ಬೀದಿಯಲ್ಲಿ ನಡೆದೆ. ಸುಮ್ನೆ ಲೆಕ್ಕ ಹಾಕಿ ನೋಡಿ. ಬೆಲ್ಜಿಯಂನಲ್ಲಿ ಸೇನೆಯ ಗಡಿಯಾರ 10:58 ತೋರಿಸುವಾಗ ಪೋರ್ಟ್ ವಿಲಿಯಮ್ಸ್‌ನಲ್ಲಿ ಬೆಳಗ್ಗೆ ಸುಮಾರು ಏಳು. ಆ್ಯನಿ ಒಲೆ ಹಚ್ಚುವ ಹೊತ್ತು. ಅವತ್ತು ಕೆನಡಾದ ಊರೂರಲ್ಲಿ ಗಂಟೆ ಬಾರಿಸಿದರು, ಬೀದಿಗಿಳಿದು ಕುಣಿದರು. ಸಾವಿನ ತಂತಿ ಯುದ್ಧಭೂಮಿಯಿಂದ ಬರಲು ದಿನಗಳೇ ಹಿಡಿಯುತ್ತಿದ್ದವು. ಮಗ ಉಳಿದ ಅಂತ ತಿಳಿದು ನಿಟ್ಟುಸಿರು ಬಿಟ್ಟ ಮನೆಗಳು ಎಷ್ಟಿದ್ದವೋ. ಈ ಮನೆಯೂ ಅದರಲ್ಲಿ ಒಂದು ಇರಬೇಕು.

ಮೈಸೂರ್_ಮೇಷ್ಟ್ರು

ಅವನ ಗೋರಿ ಇರುವ ಸ್ಮಶಾನದ ವಿಷಯ ಹೇಳಮ್ಮ. ಅದು ವಿಶೇಷ.

ಹ್ಯಾಲಿಫ್ಯಾಕ್ಸ್_ಹುಡುಗಿ

ಹೌದು, ಸೇಂಟ್ ಸಿಂಫೋರಿಯನ್. ಮಾನ್ಸ್ ಊರಿಗೆ ಹತ್ತಿರ. ಎರಡು ವರ್ಷದ ಹಿಂದೆ ಬ್ರಸೆಲ್ಸ್‌ಗೆ ಹೋದಾಗ ಅಲ್ಲಿಗೆ ಹೋಗಿದ್ದೆ. ಆಗ ಜಾರ್ಜ್ ಯಾರು ಅಂತ ನನಗೆ ಗೊತ್ತಿರಲಿಲ್ಲ. ಅವನ ಕಲ್ಲಿನ ಮುಂದೆಯೇ ನಡೆದು ಹೋಗಿರುತ್ತೇನೆ! ಆ ಸ್ಮಶಾನ ಮಾಡಿದವರೇ ಜರ್ಮನ್ನರು. 1914ರ ಮಾನ್ಸ್ ಕದನದಲ್ಲಿ ಸತ್ತವರಿಗಾಗಿ, ಎರಡೂ ಪಕ್ಷದವರಿಗೆ. ನೆಲ ಕೊಟ್ಟವನು ಅಲ್ಲಿನ ಒಬ್ಬ ಬೆಲ್ಜಿಯನ್. ನಮ್ಮ ಸ್ಮಾರಕಗಳ ಹಾಗೆ ಬಯಲು ಅಲ್ಲ, ಮರಗಳ ನಡುವೆ ತೋಪಿನ ಹಾಗಿದೆ. ಇಂಗ್ಲಿಷರ ಬಿಳಿ ಕಲ್ಲು, ಜರ್ಮನ್ನರ ಬೂದು ಕಲ್ಲು.

ಯುದ್ಧದಲ್ಲಿ ಸತ್ತ ಮೊದಲ ಬ್ರಿಟಿಷ್ ಸಿಪಾಯಿ ಅನ್ನುವ ಜಾನ್ ಪಾರ್ ಅಲ್ಲಿದ್ದಾನೆ. 1914ರ ಆಗಸ್ಟ್ 21. ಕಲ್ಲಿನ ಮೇಲೆ 20 ವರ್ಷ ಅಂತ ಇದೆ, ನಿಜವಾಗಿ ಇನ್ನೂ ಚಿಕ್ಕವನು. ಅವನ ಎದುರಿಗೆ, ಕೆಲವೇ ಹೆಜ್ಜೆ ದೂರದಲ್ಲಿ, ಕೊನೆಯ ಬ್ರಿಟಿಷ್ ಸಿಪಾಯಿ ಜಾರ್ಜ್ ಎಲಿಸನ್. 40 ವರ್ಷ. ನವೆಂಬರ್ 11ರ ಬೆಳಗ್ಗೆ ಒಂಬತ್ತೂವರೆಗೆ ಹೋದವನು. ಬೇಕಂತ ಎದುರುಬದುರು ಹೂತದ್ದಲ್ಲ, ತಾನಾಗಿ ಹಾಗಾಯಿತು. ನಾಲ್ಕು ವರ್ಷ, ಲಕ್ಷ ಲಕ್ಷ ಹೆಣ, ಆ ಎರಡು ಕಲ್ಲಿನ ನಡುವೆ.

ಕೊಡಗಿನ_ಮಳೆ

ಹೊಡೆದವನು ಯಾರು ಅಂತ ಯಾರಾದರೂ ಬರೆದಿದ್ದಾರಾ?

ಹ್ಯಾಲಿಫ್ಯಾಕ್ಸ್_ಹುಡುಗಿ

ಇಲ್ಲ ಸರ್. ಜರ್ಮನ್ ಸ್ನೈಪರ್ ಅಂತ ಅಷ್ಟೇ. ಹೆಸರಿಲ್ಲ.

ಕೊಡಗಿನ_ಮಳೆ

ಎರಡು ನಿಮಿಷ ಕಳೆದ ಮೇಲೆ ಅವನೂ ಬಂದೂಕು ಕೆಳಗಿಟ್ಟು ಊರಿಗೆ ನಡೆದಿರುತ್ತಾನೆ. ಅವನ ಕೈಗೆ ಗಡಿಯಾರ ಇತ್ತೋ ಇಲ್ಲವೋ. ಆಯಿತು ಬಿಡಿ.

ದಾವಣಗೆರೆ_ಬೆಣ್ಣೆ

ಅಕ್ಕ, ಮುಂದಿನ ತಿಂಗಳು ಆಫೀಸ್ ಕೆಲಸದ ಮೇಲೆ ನಾನೂ ಬ್ರಸೆಲ್ಸ್‌ಗೆ ಹೋಗುತ್ತಿದ್ದೇನೆ. ಒಂದು ಭಾನುವಾರ ಖಾಲಿ ಇದೆ. ಆ ಹಳ್ಳಿಯಲ್ಲಿ ನೋಡಲು ಏನಾದರೂ ಇದೆಯಾ?

ಹ್ಯಾಲಿಫ್ಯಾಕ್ಸ್_ಹುಡುಗಿ

ಖಂಡಿತ ಹೋಗಿ. ಬ್ರಸೆಲ್ಸ್‌ನಿಂದ ಮಾನ್ಸ್‌ಗೆ ರೈಲು ಇದೆ, ಒಂದು ಗಂಟೆಯ ಆಸುಪಾಸು. ವಿಲ್-ಸುರ್-ಏನ್ ಅಲ್ಲಿಂದ ಸ್ವಲ್ಪ ಮುಂದೆ. 1968ರಲ್ಲಿ, 50 ವರ್ಷ ತುಂಬಿದಾಗ, ಅವನ ಕಂಪನಿಯ ಹಳಬರು ಹೋಗಿ ಆ ಮನೆಯ ಗೋಡೆಗೆ ಒಂದು ಫಲಕ ಹಾಕಿದರು. ಆ ಹೊತ್ತಿಗೆ ಅವರೆಲ್ಲ ಅಜ್ಜಂದಿರು. ಆಮೇಲೆ ಮನೆ ಕೆಡವಿದರು. ಫಲಕವನ್ನು ಹತ್ತಿರದಲ್ಲೇ ಇಟ್ಟಿಗೆ ಕಲ್ಲಿನ ಕಟ್ಟೆ ಕಟ್ಟಿ ಕೂರಿಸಿದ್ದಾರೆ. ಸಮಯ ಕೂಡ ಬರೆದಿದೆ, 10:58 ಅಂತ. 1991ರಲ್ಲಿ ಕಾಲುವೆಗೆ ಹೊಸ ಕಾಲುಸೇತುವೆ ಹಾಕಿ ಜಾರ್ಜ್ ಪ್ರೈಸ್ ಅಂತಲೇ ಹೆಸರಿಟ್ಟರು. ಊರಿನವರು ಈಗಲೂ ಅದರ ಮೇಲೆ ಓಡಾಡುತ್ತಾರೆ.

ಕೊಡಗಿನ_ಮಳೆ

ಹೋದರೆ ನನಗೊಂದು ಕೆಲಸ ಮಾಡಿ ಕೊಡಪ್ಪ. ಸೇತುವೆಯ ಆ ತುದಿಯಿಂದ ಫಲಕ ಇರುವ ಜಾಗಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸು. ನಡುವೆ ಮರೆ ನಿಲ್ಲಲು ಏನಾದರೂ ಇದೆಯಾ, ಅದನ್ನೂ ನೋಡು. ಫೋಟೋ ಬೇಡ, ಹೆಜ್ಜೆ ಲೆಕ್ಕ ಸಾಕು.

ದಾವಣಗೆರೆ_ಬೆಣ್ಣೆ

ಎಣಿಸಿ ಬಂದು ಇಲ್ಲೇ ಹಾಕುತ್ತೇನೆ ಸರ್.

ತರ್ಲೆ_77

ಎರಡು ಸಲ ಎಣಿಸು ಮಾರಾಯ. ಒಂದು ಸಲ ನಿಧಾನಕ್ಕೆ, ಒಂದು ಸಲ ಓಡಿ.